ಆಟ ಕಟ್ಟಿದ್ದು ರಾಜ, ಎಲೆ ಬರೆದದ್ದು ಯಾರು?

ಹ್ವಾಯ್, ಹಳೇ ಆಟಗಳ ಸರಣಿಯ ಈ ಕಂತು ಸ್ವಲ್ಪ ಉದ್ದ. ಸೇವ್ ಮಾಡಿಟ್ಕೊಂಡಾದ್ರೂ ಪೂರ್ತಿ ಓದಿ.

1/6
ನಿಮ್ಮ ಮನೆಯ ಇಸ್ಪೀಟು ಕಟ್ಟಲ್ಲಿ 52 ಎಲೆ. ಅದರಲ್ಲಿ ಮುಖ ಇರೋದು ರಾಜ, ರಾಣಿ, ಗುಲಾಮ ಸೇರಿ 12ಕ್ಕೆ ಮಾತ್ರ. ಈಗ 360 ಎಲೆ ಇರೋ ಒಂದು ಕಟ್ಟನ್ನು ನೆನೆಸಿಕೊಳ್ಳಿ. ಮೆಶಿನ್ ಇಲ್ಲ, ಪ್ರತಿ ಎಲೆಯನ್ನೂ ಕೈಯಲ್ಲೇ ಬರೀಬೇಕು. ಮೈಸೂರು ಅರಮನೆಯಲ್ಲಿ ಇಂಥ ಆಟ ನಿಜಕ್ಕೂ ಇತ್ತು. ಇಂಥ ಆಟಗಳಿಗೆ ಚಾಡ ಅಂತ ಹೆಸರು. 18 ಪಂಗಡ, ಪಂಗಡಕ್ಕೆ 20 ಎಲೆ. ಚಾಮುಂಡೇಶ್ವರಿ ಚಾಡ ಅಂತ ಇನ್ನೊಂದಿತ್ತು, ಅದಕ್ಕೆ 320 ಎಲೆ.

2/6
ಇವೆಲ್ಲ ಗಂಜೀಫಾ ಕುಟುಂಬದ ಆಟಗಳು. ಪರ್ಶಿಯಾ ಕಡೆಯಿಂದ ಬಂದದ್ದು. 1527ರಲ್ಲೇ ಬಾಬರ್ ತನ್ನ ಸ್ನೇಹಿತನೊಬ್ಬನಿಗೆ ಸಿಂಧ್‌ಗೆ ಗಂಜೀಫಾ ಕಳಿಸಿಕೊಟ್ಟಿದ್ದ. ಮೊಘಲರ ಕಟ್ಟಲ್ಲಿ 8 ಪಂಗಡ, 96 ಎಲೆ. ನಮ್ಮವರು ಅದನ್ನು ದಶಾವತಾರ ಮಾಡಿಕೊಂಡ್ರು: 10 ಅವತಾರ, ಒಂದೊಂದಕ್ಕೆ 12 ಎಲೆ, ಒಟ್ಟು 120. ಎಲೆಗಳು ಹೆಚ್ಚಾಗಿ ದುಂಡಗೆ. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ, ಪರಶುರಾಮನಿಗೆ ಕೊಡಲಿ ಗುರುತು. ಹಗಲು ಆಡಿದ್ರೆ ರಾಮನ ಎಲೆ ಇದ್ದವರು ಮೊದಲು ಇಳಿಬೇಕು, ರಾತ್ರಿ ಆದ್ರೆ ಕೃಷ್ಣನದ್ದು. ಚೆಂದ ಅಲ್ದಾ?

3/6
ಮೈಸೂರಿನ ಚಾಡಗಳ ಹಿಂದೆ ಇದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ, ಇನ್ನೂ ಮಗುವಾಗಿದ್ದಾಗ ಪಟ್ಟ. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕಿತ್ತುಕೊಂಡ್ರು. ಕಡೆಗೆ 1868ರಲ್ಲಿ ತೀರಿಕೊಳ್ಳುವವರೆಗೂ ಅದು ವಾಪಸ್ ಸಿಗಲಿಲ್ಲ. ರಾಜ್ಯ ಇಲ್ಲದ ರಾಜ ಆಟ ಕಟ್ಟಿದ. ಅವರ ಹೆಸರಿನ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ 9 ನಿಧಿಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಈ ಆಟಗಳ ವಿವರ ಇದೆ. ಈಗಿನ ಮಾತಲ್ಲಿ ಹೇಳೋದಾದ್ರೆ ಅವರು ಒಬ್ಬ ಸಣ್ಣ ಗೇಮ್ ಪ್ರಕಾಶಕ. ಮಾರುಕಟ್ಟೆ ಅಂದ್ರೆ ಒಂದೇ ಒಂದು ಅರಮನೆ.

ಚಿತ್ರಗಾರರು ಎಲ್ಲಿಂದ ಸಿಕ್ಕಿದ್ರು? ಹುಡುಕೋ ಕೆಲಸ 200 ವರ್ಷ ಮೊದಲೇ ಆಗಿತ್ತು. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಚಿತ್ರಗಾರ ಕುಟುಂಬಗಳು ಅನ್ನ ಕೊಡೋರನ್ನ ಹುಡುಕಿ ಚದುರಿದ್ವು. ಅವರಲ್ಲಿ ಕೆಲವರಿಗೆ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನೆಲೆ ಕೊಟ್ರು. ಅದೇ ಪರಂಪರೆಯ ಕೈಗಳು ಮುಂದೆ ಮುಮ್ಮಡಿಯವರ ಕಾಲದಲ್ಲಿ ಕುಂಚ ಹಿಡಿದ್ವು. 1861ರ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆಟಗಳ ಚಿತ್ರ ಇವತ್ತೂ ಇದೆ, ಮೈಸೂರಿಗೆ ಹೋದಾಗ ಕಾಣಿ. ಆದ್ರೆ ಗಂಜೀಫಾ ಎಲೆಗಳಲ್ಲಿ ಬರೆದವರ ಸಹಿ ಸಾಮಾನ್ಯವಾಗಿ ಇರ್ತಿರ್ಲಿಲ್ಲ. ರಾಜನ ಹೆಸರು ಆಟಕ್ಕೇ ಅಂಟಿಕೊಂಡು ಉಳೀತು.

4/6
ಈಗ ಬಿಕಾಂನವರ ಲೆಕ್ಕ. ಒಬ್ಬರು ದಿನಕ್ಕೆ 4 ಎಲೆ ಮುಗಿಸ್ತಾರೆ ಅಂತ ಸುಮ್ನೆ ಇಟ್ಕೊಳ್ಳಿ. 360 ಎಲೆಗೆ 90 ದಿನ. ಎರಡನೇ ಕಟ್ಟು ಬೇಕಾ? ಮತ್ತೆ 90 ದಿನ. ಅಂದ್ರೆ ಕೈಕೆಲಸದಲ್ಲಿ ಚಿತ್ರದ ಖರ್ಚು ಪೂರ್ತಿ ವೇರಿಯಬಲ್ ಕಾಸ್ಟ್. ಪ್ರೆಸ್ಸಿನಲ್ಲಿ ಅದೇ ಚಿತ್ರ ಫಿಕ್ಸೆಡ್ ಕಾಸ್ಟ್: ಒಮ್ಮೆ ಅಚ್ಚು ಮಾಡಿದ್ರೆ ಸಾವಿರ ಕಟ್ಟಿಗೆ ಹಂಚಿಹೋಗತ್ತೆ. ಯುರೋಪಿನ ಮಾದರಿಯ ಅಗ್ಗದ 52 ಎಲೆಯ ಇಸ್ಪೀಟು ಬಂದ ಮೇಲೆ ಗಂಜೀಫಾ ಸೋತದ್ದು ಆಟ ಕೆಟ್ಟದು ಅಂತ ಮಾತ್ರ ಅಲ್ಲ, ಈ ಲೆಕ್ಕಕ್ಕೂ ಹೌದು. ಅಷ್ಟು ದೊಡ್ಡ ಚಾಡಗಳು ಅರಮನೆಯ ಹೊರಗೆ ಹರಡ್ಲೂ ಇಲ್ಲ. ಕೊಳ್ಳೋ ಒಬ್ಬ ರಾಜ ಹೋದ ಮೇಲೆ ಬೇರೆ ಗಿರಾಕಿ ಎಲ್ಲಿಂದ ಬರ್ಬೇಕು?

5/6
ಕತೆ ಅಲ್ಲಿಗೇ ಮುಗೀಲಿಲ್ಲ. ಕುಂದಾಪುರದಲ್ಲಿ ಕೊಂಕಣ ರೈಲು ಹತ್ತಿ ಗೋವಾ ದಾಟಿದ್ರೆ ಸಾವಂತವಾಡಿ. ಅಲ್ಲೂ ಗಂಜೀಫಾ ಬರೆಯೋ ಮನೆಗಳಿದ್ವು. 1970ರ ದಶಕದ ಆರಂಭದ ಹೊತ್ತಿಗೆ ಆ ಕೆಲಸ ಗೊತ್ತಿದ್ದವರು ಅಂತ ಹೇಳೋಕೆ ಉಳಿದದ್ದು ಪುಂಡಲೀಕ ಚಿತಾರಿ ಅನ್ನೋ ಹಿರಿಯರು. ಅಲ್ಲಿನ ರಾಜಮನೆತನದ ಶಿವರಾಮರಾಜೆ ಮತ್ತು ಸತ್ವಶೀಲಾದೇವಿ ದಂಪತಿ ಅವರನ್ನೇ ಗುರು ಮಾಡಿಕೊಂಡ್ರು. ರಾಣಿ ತಾನೇ ಕೂತು ಕಲಿತ್ರು, ಆಮೇಲೆ ಅರಮನೆಯಲ್ಲೇ ಹೊಸಬರನ್ನು ಕೂರಿಸಿ ಕೆಲಸ ಕೊಟ್ರು.

ಮೈಸೂರು ಕಡೆ ಗಂಜೀಫಾಕ್ಕೆ ಮತ್ತೆ ಜೀವ ಕೊಟ್ಟವರಲ್ಲಿ ದೊಡ್ಡ ಹೆಸರು ಗಂಜೀಫಾ ರಘುಪತಿ ಭಟ್ಟರದ್ದು. ಮೂಲ ಎಲ್ಲಿ ಗೊತ್ತಾ? ನಮ್ಮ ಉಡುಪಿ! ಶ್ರೀರಂಗಪಟ್ಟಣದಲ್ಲಿ ಗಂಜೀಫಾಕ್ಕಾಗಿಯೇ ಕೇಂದ್ರ ಕಟ್ಟಿದ್ರು. ಆಟದ ಹೆಸರೇ ಅವರ ಹೆಸರಿನ ಮುಂದೆ ಕೂತಿದೆ. ಸಹಿ ಇಲ್ಲದ ಆ ಹಳೇ ಎಲೆಗಳನ್ನು ನೆನೆಸಿದ್ರೆ ಇದು ಸಣ್ಣ ವಿಷಯ ಅಲ್ಲ.

ಮೈಸೂರಿನದ್ದೇ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಅಂತ ಹಳೇ ಆಟಗಳ ಪ್ರದರ್ಶನ ಮಾಡ್ತಾ ಬಂದಿದೆ. ಪಗಡೆ, ಚೌಕಾಬಾರ, ಅಳಗುಳಿಮಣೆ ಎಲ್ಲವನ್ನೂ ಬೇರೆ ಬೇರೆ ಊರಿನ ಕುಶಲಕರ್ಮಿಗಳ ಕೈಯಲ್ಲಿ ಮಾಡಿಸ್ತಾರೆ. ಇಲ್ಲಿ ಒಬ್ಬ ರಾಜನ ಬದಲು ನೂರಾರು ಗಿರಾಕಿಗಳು. ಕುಶಲಕರ್ಮಿಗೆ ಮತ್ತೊಂದು ಆರ್ಡರ್ ಬರೋ ದಾರಿ ಇದೊಂದೇ.

6/6
ಒಂದು ಕೊರತೆ ಮಾತ್ರ ಇದೆ. ಇವತ್ತು ಗಂಜೀಫಾ ಕೊಳ್ಳೋರು ಹೆಚ್ಚಾಗಿ ಫ್ರೇಮ್ ಹಾಕ್ಸೋಕೆ, ಉಡುಗೊರೆ ಕೊಡೋಕೆ ಕೊಳ್ತಾರೆ. ಚಿತ್ರ ಉಳೀತು, ಆಡೋರು ಕಡಿಮೆ. ನಮ್ಮ ಚೆನ್ನೆಮಣೆಯದ್ದು ಇದರ ಉಲ್ಟಾ. ಆಸಾಡಿ ಮಳೆಗೆ ಹೊರಗೆ ಕಾಲಿಡೋಕಾಗದಿದ್ದಾಗ ಆಡ್ತಿದ್ದ ಆಟ. 14 ಗುಳಿ, ಗುಳಿಗೆ 4 ಕಾಯಿ, ಚಿತ್ರವೇ ಬೇಡ. ಮಣೆ ಕೆತ್ತಿದ ಆಚಾರಿ ಒಬ್ಬರು ಸಾಕು, ಮೂರು ತಲೆಮಾರು ಆಡಬಹುದು.

ವಂಡ್ಸೆ, ಕೊಲ್ಲೂರು, ನೇರಳಕಟ್ಟೆ ಕಡೆ ಚಿತ್ರ ಬರೆಯೋ ಹುಡುಗ್ರು ಹುಡುಗಿಯರು ಎಷ್ಟು ಜನ ಇದ್ದೀರಿ ಅಂತ ನಿಮ್ಮ ಸ್ಟೋರಿಗಳಲ್ಲೇ ಕಾಣತ್ತೆ. ನಾಳೆ ನಿಮ್ಮಲ್ಲೇ ಯಾರಾದ್ರೂ ಒಂದು ಆಟ ಮಾಡಿದ್ರೆ, ಯಕ್ಷಗಾನದ ವೇಷಗಳದ್ದೇ ಎಲೆ ಕಟ್ಟು ಅಂತ ಇಟ್ಕೊಳ್ಳಿ, ಗೆಳೆಯನ ಹತ್ರ ‘ಸುಮ್ನೆ ಎರಡು ಚಿತ್ರ ಬರ್ದುಕೊಡಾ’ ಅನ್ಬೇಡಿ. ರೇಟು ಕೇಳಿ, ಮೊದಲೇ ಮಾತಾಡ್ಕೊಳ್ಳಿ, ಡಬ್ಬದ ಮೇಲೆ ಹೆಸರು ಹಾಕಿ. 360 ಎಲೆ ಬರೆದವರ ಹೆಸರು ನಮಗೆ ಸಿಕ್ಕಿಲ್ಲ. ನಿಮ್ಮ ಡಬ್ಬ 50 ವರ್ಷದ ಮೇಲೆ ಯಾರದ್ದೋ ಅಟ್ಟದಲ್ಲಿ ಸಿಕ್ಕಿದ್ರೆ, ಅದರಲ್ಲಾದ್ರೂ ಸಿಗ್ಲಿ.

ಚಿತ್ರ ಬರೆಯೋ ಫ್ರೆಂಡನ್ನ ಕೆಳಗೆ ಟ್ಯಾಗ್ ಮಾಡಿ. ಮುಂದಿನ ಕಂತು: ಪಗಡೆ ಹಾಸು.

#ಗಂಜೀಫಾ #ಹಳೇಆಟ #ವಂಡ್ಸೆ #ಕುಂದಾಪ್ರಕನ್ನಡ