ಹೊಸ ಕಾರಿನ ಎಂಜಿನ್ ಆಯಿಲ್: ಮಟ್ಟ ನೋಡುವುದು ಹೇಗೆ, ಏಕೆ?

ಹೊಸ ಕಾರು ಕೊಂಡವರಲ್ಲಿ ಅನೇಕರು ಮೊದಲ ವರ್ಷ ಬಾನೆಟ್ ತೆರೆದು ನೋಡುವುದೇ ಇಲ್ಲ. ಉಚಿತ ಸರ್ವಿಸ್ ಇದೆ, ವಾರಂಟಿ ಇದೆ, ತೊಂದರೆಯಾದರೆ ಎಚ್ಚರಿಸಲು ಡ್ಯಾಷ್‌ಬೋರ್ಡ್‌ನಲ್ಲಿ ಕೆಂಪು ದೀಪವೂ ಇದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಎಂಜಿನ್ ಆಯಿಲ್ ವಿಷಯದಲ್ಲಿ ಈ ಮೂರೂ ಪೂರ್ಣ ರಕ್ಷಣೆ ನೀಡಲಾರವು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಿಂದ ದಿನವೂ ಕಾರಿನಲ್ಲಿ ಬೆಂಗಳೂರಿಗೆ ಬಂದುಹೋಗುವವರು ಇದನ್ನು ವಿಶೇಷವಾಗಿ ಅರಿತಿರಬೇಕು.

ಹೊಸ ಎಂಜಿನ್ ಕೂಡ ಆಯಿಲ್ ಕುಡಿಯುತ್ತದೆ

ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಸರಿಯಾಗಿ ಹೊಂದಿಕೊಳ್ಳಲು ಆರಂಭದಲ್ಲಿ ಒಂದಷ್ಟು ಓಟ ಬೇಕು. ಅಲ್ಲಿಯವರೆಗೆ ಅಲ್ಪ ಪ್ರಮಾಣದ ಆಯಿಲ್ ರಿಂಗುಗಳನ್ನು ದಾಟಿ ಇಂಧನದೊಂದಿಗೆ ಉರಿದುಹೋಗುತ್ತದೆ. ಇದು ದೋಷವಲ್ಲ. 1,000 ಕಿ.ಮೀ.ಗೆ ಗರಿಷ್ಠ 1 ಲೀಟರ್‌ವರೆಗಿನ ಬಳಕೆಯನ್ನು ಕೆಲವು ತಯಾರಕರ ಕೈಪಿಡಿಗಳೇ ಮಿತಿಯೊಳಗಿನದೆಂದು ಹೇಳುತ್ತವೆ. ಬಹುತೇಕ ಕಾರುಗಳು ಇಷ್ಟೊಂದು ಕುಡಿಯುವುದಿಲ್ಲ. ಆದರೂ ಲೆಕ್ಕ ಹಾಕಿ ನೋಡಬೇಕು.

ಸಾಮಾನ್ಯ ಸಣ್ಣ ಕಾರಿನ ಎಂಜಿನ್‌ಗೆ 3ರಿಂದ 4 ಲೀಟರ್ ಆಯಿಲ್ ಹಿಡಿಸುತ್ತದೆ. ಅಳತೆಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿರುವ ಗರಿಷ್ಠ ಹಾಗೂ ಕನಿಷ್ಠ ಗುರುತುಗಳ ನಡುವಿನ ಅಂತರ ಹಲವು ಕಾರುಗಳಲ್ಲಿ ಸುಮಾರು 1 ಲೀಟರ್. 1,000 ಕಿ.ಮೀ.ಗೆ ಕೇವಲ 100 ಮಿ.ಲೀ. ಕಡಿಮೆಯಾದರೂ 10,000 ಕಿ.ಮೀ. ವೇಳೆಗೆ ಮಟ್ಟ ಕನಿಷ್ಠ ಗುರುತಿಗೆ ಇಳಿದಿರುತ್ತದೆ. ಅನೇಕ ಕಾರುಗಳಿಗೆ ಮೊದಲ ಬಾರಿ ಆಯಿಲ್ ಬದಲಿಸುವುದೇ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ. ಅದಕ್ಕೂ ಮುನ್ನ ನಡೆಯುವ 1,000 ಕಿ.ಮೀ. ಸರ್ವಿಸ್‌ನಲ್ಲಿ ಸಾಮಾನ್ಯವಾಗಿ ತಪಾಸಣೆ ಮಾತ್ರ ಇರುತ್ತದೆ.

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ. ದಿನಕ್ಕೆ 80 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಾಡಿದರೆ ಐದೇ ತಿಂಗಳಲ್ಲಿ 10,000 ಕಿ.ಮೀ. ಪೂರೈಸುತ್ತದೆ.

ಕಿ.ಮೀ. ಹೇಳದ ದುಡಿಮೆ

ಯಲಹಂಕ, ಹೆಬ್ಬಾಳ, ಕೆ.ಆರ್.ಪುರ, ಗೊರಗುಂಟೆಪಾಳ್ಯಗಳ ದಟ್ಟಣೆಯಲ್ಲಿ ಕಾರು ನಿಂತಿದ್ದರೂ ಎಂಜಿನ್ ದುಡಿಯುತ್ತಲೇ ಇರುತ್ತದೆ. ಓಡೋಮೀಟರ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಂತು ಚಲಿಸುವ ಓಟ, ಧೂಳಿನ ರಸ್ತೆ, ಎಂಜಿನ್ ಬಿಸಿಯೇರುವ ಮುನ್ನ ಮುಗಿಯುವ ಚಿಕ್ಕ ಪ್ರಯಾಣ ಇವುಗಳನ್ನು ಹಲವು ಕೈಪಿಡಿಗಳು ಕಠಿಣ ಬಳಕೆಯೆಂದು ಪರಿಗಣಿಸಿ, ಆಯಿಲನ್ನು ಬೇಗ ಬದಲಿಸಲು ಸೂಚಿಸುತ್ತವೆ. ಮತ್ತೊಂದೆಡೆ, ದೇವನಹಳ್ಳಿಯ ವಿಮಾನ ನಿಲ್ದಾಣ ರಸ್ತೆಯಂತಹ ವಿಶಾಲ ಹೆದ್ದಾರಿಗಳಲ್ಲಿ ಹೊಸ ಕಾರನ್ನು ಮಿತಿಮೀರಿ ಓಡಿಸಿದರೆ ಎಂಜಿನ್ ವೇಗ ಏರಿ ಆಯಿಲ್ ಬಳಕೆಯೂ ಹೆಚ್ಚುತ್ತದೆ. ಮೊದಲ 1,000 ಕಿ.ಮೀ.ವರೆಗೆ ಎಂಜಿನ್ ಮೇಲೆ ಅತಿಯಾದ ಒತ್ತಡ ಹಾಕಬಾರದು.

ಕೆಂಪು ದೀಪದ ನಿಜವಾದ ಅರ್ಥ

ಎಣ್ಣೆ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಆಯಿಲ್ ಮಟ್ಟವನ್ನು ಸೂಚಿಸುವುದಿಲ್ಲ, ಒತ್ತಡ ಕುಸಿದಿರುವುದನ್ನು ಸೂಚಿಸುತ್ತದೆ. ಮಟ್ಟ ಅಪಾಯಕಾರಿಯಾಗಿ ಇಳಿದು ಪಂಪ್‌ಗೆ ಆಯಿಲ್ ಸಿಗದಂತಾದಾಗ ಅದು ಉರಿಯುತ್ತದೆ. ಆ ವೇಳೆಗೆ ಬೇರಿಂಗ್‌ಗಳಿಗೆ ಪೆಟ್ಟು ಬೀಳಲು ಆರಂಭವಾಗಿರಬಹುದು. ನೆಲಮಂಗಲ ದಾಟಿದ ಮೇಲೆ ದೀಪ ಉರಿದರೆ ಡಾಬಸ್‌ಪೇಟೆಯ ಗ್ಯಾರೇಜ್‌ವರೆಗೆ ಹೇಗಾದರೂ ಹೋಗೋಣ ಎನ್ನುವುದು ಎಂಜಿನ್ ಕಳೆದುಕೊಳ್ಳುವ ದಾರಿ. ಕಾರನ್ನು ಸುರಕ್ಷಿತವಾಗಿ ರಸ್ತೆಬದಿಗೆ ತಂದು ಎಂಜಿನ್ ಆರಿಸಬೇಕು. ಕೆಲವು ನಿಮಿಷಗಳ ನಂತರ ಮಟ್ಟ ನೋಡಿ, ಕಡಿಮೆಯಿದ್ದರೆ ಆಯಿಲ್ ತುಂಬಬೇಕು. ಮತ್ತೆ ಚಾಲೂ ಮಾಡಿದಾಗಲೂ ದೀಪ ಆರದಿದ್ದರೆ ಎಂಜಿನ್ ನಿಲ್ಲಿಸಿ, ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಅಳೆಯುವ ಕ್ರಮ

1. ಕಾರು ಸಮತಟ್ಟಾದ ನೆಲದಲ್ಲಿರಲಿ. ಶಿವಗಂಗೆಯ ತಪ್ಪಲಿನಂತಹ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಅಳತೆ ತಪ್ಪುತ್ತದೆ.
2. ಓಡಿಸಿದ ಬಳಿಕ ನೋಡುವುದಾದರೆ ಎಂಜಿನ್ ಆರಿಸಿ ಐದರಿಂದ ಹತ್ತು ನಿಮಿಷ ಕಾಯಬೇಕು. ತಣ್ಣಗಿದ್ದಾಗ ನೋಡಬೇಕೋ ಬಿಸಿಯಿದ್ದಾಗ ನೋಡಬೇಕೋ ಎಂಬುದು ಕಾರಿನಿಂದ ಕಾರಿಗೆ ಬೇರೆಯಾಗುತ್ತದೆ. ಈ ವಿಷಯದಲ್ಲಿ ಕೈಪಿಡಿಯ ಮಾತೇ ಅಂತಿಮ.
3. ಡಿಪ್‌ಸ್ಟಿಕ್ ಹೊರತೆಗೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆಯಬೇಕು. ಎರಡನೆಯ ಸಲದ ಅಳತೆಯೇ ಸರಿಯಾದದ್ದು.
4. ಎರಡು ಗುರುತುಗಳ ನಡುವೆ ಆಯಿಲ್ ಇದ್ದರೆ ಚಿಂತೆಯಿಲ್ಲ. ಕನಿಷ್ಠ ಗುರುತಿನ ಸಮೀಪವಿದ್ದರೆ ಸುಮಾರು 200 ಮಿ.ಲೀ.ನಂತೆ ಹಾಕಿ, ಕೆಲವು ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಹೊಸ ಕಾರಿನಲ್ಲಿ ವಾರಕ್ಕೊಮ್ಮೆ, ಬಳಕೆಯ ಪ್ರಮಾಣ ತಿಳಿದ ಮೇಲೆ ತಿಂಗಳಿಗೊಮ್ಮೆ ಹಾಗೂ ದೂರದ ಪ್ರಯಾಣಕ್ಕೆ ಮುನ್ನ ನೋಡುವುದು ಒಳ್ಳೆಯದು. ಡಿಪ್‌ಸ್ಟಿಕ್ ಇಲ್ಲದ ಕೆಲವು ದುಬಾರಿ ಕಾರುಗಳಲ್ಲಿ ಡ್ಯಾಷ್‌ಬೋರ್ಡ್‌ನ ಪರದೆಯಲ್ಲೇ ಮಟ್ಟ ನೋಡಬಹುದು.

ಹೆಚ್ಚಾದರೂ ಅಪಾಯ

ಗರಿಷ್ಠ ಗುರುತು ಮೀರುವಷ್ಟು ಆಯಿಲ್ ಸುರಿಯುವುದೂ ತಪ್ಪು. ಮಟ್ಟ ತೀರಾ ಹೆಚ್ಚಾದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆಯಾಗಿಸುತ್ತದೆ. ನೊರೆಯಿಂದ ಬೇರಿಂಗ್‌ಗಳಿಗೆ ರಕ್ಷಣೆ ಸಿಗದು. ತಾನಾಗಿಯೇ ಮಟ್ಟ ಏರುತ್ತಿದ್ದರೆ ಅದು ಇನ್ನೂ ಗಂಭೀರ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಆ ಮಸಿಯನ್ನು ಸುಡಲು ಹೆಚ್ಚುವರಿ ಡೀಸೆಲ್ ಖರ್ಚಾಗುತ್ತದೆ. ಪ್ರತಿಸಲವೂ ಚಿಕ್ಕ ಓಡಾಟದಲ್ಲಿ ಈ ಕ್ರಿಯೆ ಅರ್ಧಕ್ಕೆ ನಿಂತರೆ ಡೀಸೆಲ್ ಜಾರಿ ಆಯಿಲ್‌ಗೆ ಬೆರೆತು ಅದನ್ನು ತೆಳುವಾಗಿಸುತ್ತದೆ.

ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಎನ್ನಲಾಗದು. ಆದರೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಕೂಲೆಂಟ್ ಸೇರಿರುವ ಶಂಕೆಯಿದ್ದು, ಕಾರನ್ನು ಓಡಿಸಬಾರದು.

ದರ್ಜೆ ಮತ್ತು ದಾಖಲೆ

0ಡಬ್ಲ್ಯು-20, 5ಡಬ್ಲ್ಯು-30 ಮುಂತಾದ ದರ್ಜೆಗಳಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಗುಣವನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಸ್ನಿಗ್ಧತೆಯನ್ನೂ ತಿಳಿಸುತ್ತವೆ. ಗಟ್ಟಿ ಆಯಿಲ್ ಒಳ್ಳೆಯದೆಂಬ ಹಳೆಯ ನಂಬಿಕೆ ಇಂದಿನ ಎಂಜಿನ್‌ಗಳಿಗೆ ಹೊಂದದು. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಬಳಸಬೇಕು.

ಅಳತೆ ನೋಡಿದ ದಿನಾಂಕ, ಕಿ.ಮೀ., ಹಾಕಿದ ಆಯಿಲ್ ಪ್ರಮಾಣವನ್ನು ಬರೆದಿಟ್ಟು, ಖರೀದಿಯ ರಸೀದಿಯನ್ನೂ ಕಾಪಾಡಬೇಕು. ಪಾಲನೆಯ ಕೊರತೆಯಿಂದಾದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬಳಕೆ ಕಂಪನಿಯ ಮಿತಿಯನ್ನು ಮೀರಿದ್ದರೆ ಸರ್ವಿಸ್ ಕೇಂದ್ರದ ಮುಂದೆ ಅದನ್ನು ತೋರಿಸಿಕೊಡಲು ಈ ದಾಖಲೆಯೇ ಮಾಲೀಕರಿಗೆ ಆಧಾರ.