ಉಪದೇವತಾರಾಧನೆ (ಕೊಚ್ಚಿ, ತಿರುವನಂತಪುರಂ)

ದೇವಸ್ಥಾನದ ಪ್ರಾಕಾರದಲ್ಲಿ, ಮನೆಯ ಹಿತ್ತಿಲಲ್ಲಿ, ಮರದ ಬುಡದಲ್ಲಿ, ಒಮ್ಮೊಮ್ಮೆ ಬೀದಿಬದಿಯ ಗೋಡೆಯಲ್ಲೇ ನೆಲೆ ಪಡೆದ ಚಿಕ್ಕ ದೈವಗಳ ಪೂಜೆ. ಯಕ್ಷಿ, ಮಾಡನ್, ಮರುತ, ಚಾತ್ತನ್, ಬ್ರಹ್ಮರಕ್ಷಸ್, ನಾಗ ಇವುಗಳಲ್ಲಿ ಮುಖ್ಯವಾದವು. ತುಳುನಾಡಿನ ಭೂತಾರಾಧನೆ ಬಲ್ಲವರಿಗೆ ಈ ಲೋಕ ಅಪರಿಚಿತವಲ್ಲ: ಕೇರಳದ ಕಾವು ನಮ್ಮ ಬನ. ಆದರೆ ತುಳುನಾಡಿನ ದೈವ ಕೋಲದಲ್ಲಿ ಎದ್ದು ನಿಂತು ನುಡಿ ಕೊಡುತ್ತದೆ, ನ್ಯಾಯ ಹೇಳುತ್ತದೆ. ಉತ್ತರ ಕೇರಳದ ತೆಯ್ಯವೂ ಹಾಗೆಯೇ. ಇಲ್ಲಿ ಹೇಳಹೊರಟ ಕಾಪ್ಪಿರಿಗೂ ಯಕ್ಷಿಯರಿಗೂ ಅಂಥ ನುಡಿಕಟ್ಟಿಲ್ಲ. ಅವರ ಕಥೆಗಳಲ್ಲಿ ಮತ್ತೆಮತ್ತೆ ಬರುವುದು ಒಂದು ಸಾವು, ಆಮೇಲೆ ಒಂದು ಬಂಧನ.

ಕೊಚ್ಚಿಯ ಕಾಪ್ಪಿರಿ ಮುತ್ತಪ್ಪನ್ ಈ ಮಾತಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಮಟ್ಟಾಂಚೇರಿಯ ಮಂಗಾಟ್ಟುಮುಕ್ಕಿನಲ್ಲಿ ಅವನ ಗುಡಿಯಿದೆ. ಗುಡಿಯೆನ್ನುವುದಕ್ಕಿಂತ ಗೋಡೆಗೆ ಸೇರಿದ ಪುಟ್ಟ ಗೂಡು ಎನ್ನಬೇಕು, ಒಳಗೆ ವಿಗ್ರಹವಿಲ್ಲ. ಕಾಪ್ಪಿರಿ ಎಂಬುದು ಅರಬ್ಬಿಯ ಕಾಫಿರ್ ಶಬ್ದ ಪೋರ್ಚುಗೀಸರ ಬಾಯಲ್ಲಿ ಹಾದು ಬಂದ ರೂಪ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಇಟ್ಟ ಹೆಸರು. ಮುತ್ತಪ್ಪನ್ ಎಂದರೆ ಅಜ್ಜ. ಬೈಗುಳದಂಥ ಒಂದು ಪದ, ಹಿರಿಯರನ್ನು ಕರೆಯುವ ಒಂದು ಪದ, ಎರಡೂ ಸೇರಿ ದೇವರ ಹೆಸರಾಗಿದೆ.

ಪೋರ್ಚುಗೀಸರು 1503ರಲ್ಲಿ ಕೊಚ್ಚಿಯಲ್ಲಿ ಕೋಟೆ ಕಟ್ಟಿದರು. 1663ರ ಜನವರಿಯಲ್ಲಿ ಡಚ್ಚರು ಊರನ್ನು ಕಸಿದುಕೊಂಡರು. ಓಡುವ ಗಡಿಬಿಡಿಯಲ್ಲಿ ಪೋರ್ಚುಗೀಸರು ಚಿನ್ನ ಬೆಳ್ಳಿಗಳನ್ನು ದಪ್ಪ ಗೋಡೆಗಳೊಳಗೆ, ಮರಗಳ ಬುಡದಲ್ಲಿ ಹೂತು, ಕಾವಲಿಗೆಂದು ಒಬ್ಬೊಬ್ಬ ಗುಲಾಮನನ್ನು ಕೊಂದು ಜೊತೆಗೇ ಮುಚ್ಚಿದರು ಎಂಬುದು ಐತಿಹ್ಯ. ಗೋಡೆಯ ಮೇಲೆ ಕುಳಿತು ಚುಟ್ಟಾ ಸೇದುವ ಕಾಪ್ಪಿರಿಯನ್ನು ಕಂಡವರ ಕಥೆಗಳು ಹಳೆಯ ಮನೆಗಳಲ್ಲಿ ಉಳಿದುಕೊಂಡಿವೆ. ಹೂತ ನಿಧಿಯ ಮಾತು ನಿಜವೋ ಸುಳ್ಳೋ, ಗುಲಾಮರ ವ್ಯಾಪಾರವಂತೂ ನಿಜ. ಆ ಜನರಿಗೆ ಊರಿನಲ್ಲಿ ಈ ಗೂಡಿನಷ್ಟು ಜೀವಂತವಾದ ಇನ್ನೊಂದು ನೆನಪು ಸಿಗುವುದು ಕಷ್ಟ. ಹರಕೆಗೆ ಮೇಣದಬತ್ತಿ, ಚುಟ್ಟಾ ಅಥವಾ ಸಿಗರೇಟು, ಕಳ್ಳು, ಬೇಯಿಸಿದ ಮೊಟ್ಟೆ, ಮಾಂಸ ಬರುತ್ತವೆ. ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಎಲ್ಲರೂ ಕೈಮುಗಿಯುತ್ತಾರೆ.

ತೆಂಕಣ ತಿರುವಾಂಕೂರಿನಲ್ಲಿ ಕಥೆ ಹೆಣ್ಣಿನದು. ಕಾಂಞಿರೋಟ್ಟು ಯಕ್ಷಿ ಮೊದಲು ಚಿರುದೇವಿ ಎಂಬ ಗಣಿಕೆ. ಪಲ್ಲಕ್ಕಿ ಹೊರುವವನ ಕೈಯಲ್ಲಿ ಕೊಲೆಯಾಗಿ ಯಕ್ಷಿಯಾದಳಂತೆ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಬಿ ನೆಲಮಾಳಿಗೆಯಲ್ಲಿ ಅವಳಿದ್ದಾಳೆ ಎಂದು ಜನ ನಂಬುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಉಳಿದ ನೆಲಮಾಳಿಗೆಗಳ ಸಂಪತ್ತು ಲೋಕದ ಕಣ್ಣಿಗೆ ಬಿದ್ದಾಗಲೂ ಆ ಬಾಗಿಲು ತೆರೆಯಲಿಲ್ಲ. ಅಲ್ಲಿಯೂ ನಿಧಿ, ಇಲ್ಲಿಯೂ ನಿಧಿ. ಎರಡು ಕಡೆಯೂ ಕಾವಲಿಗಿರುವುದು ಕೊಲೆಯಾದ ಜೀವ.

ಪದ್ಮನಾಭಪುರ ಮತ್ತು ತಿರುವನಂತಪುರದ ನಡುವಿನ ದಾರಿಯಲ್ಲಿ ಇನ್ನೊಬ್ಬ ಯಕ್ಷಿ ಒಂಟಿ ದಾರಿಹೋಕರನ್ನು ತಡೆದು, ಎಲೆಗೆ ಹಚ್ಚಲು ಸುಣ್ಣ ಕೇಳುತ್ತಿದ್ದಳು. ಕೊಟ್ಟವರು ಮನೆ ಸೇರುತ್ತಿರಲಿಲ್ಲ. ಕಡಮಟ್ಟತ್ತು ಕತ್ತನಾರ್ ಎಂಬ ಕ್ರೈಸ್ತ ಪಾದ್ರಿ ಮೊಳೆಯ ತುದಿಯಲ್ಲಿ ಸುಣ್ಣ ಕೊಟ್ಟು ಅವಳನ್ನು ಕಟ್ಟಿಹಾಕಿದ. ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲಾ’ ಈ ಕಥೆಯನ್ನು ಮನೆಮನೆಗೆ ತಲುಪಿಸಿತು. ಮೊಳೆ ಕಥೆಯಲ್ಲೇ ಉಳಿಯಲಿಲ್ಲ: ಕೊಚ್ಚಿಯ ಸಮೀಪದ ಚೋಟ್ಟಾನಿಕ್ಕರದಲ್ಲಿ ಮೈಮೇಲೆ ಗಾಳಿ ಬಂದವರ ಬಾಧೆಯನ್ನು ಇಂದಿಗೂ ಹಾಲೆ ಮರಕ್ಕೆ ಮೊಳೆ ಹೊಡೆದು ಬಿಡಿಸುತ್ತಾರೆ. ಕೇರಳದಲ್ಲಿ ಯಕ್ಷಿಯ ವಾಸಸ್ಥಾನವಾದ ಈ ಮರದ ತೊಗಟೆಯ ಕಷಾಯವನ್ನೇ ನಮ್ಮ ಕರಾವಳಿಯವರು ಆಟಿ ಅಮಾವಾಸ್ಯೆಯಂದು ಮುಖ ಕಿವಿಚಿಕೊಂಡು ಕುಡಿಯುವುದು. ಚೋಟ್ಟಾನಿಕ್ಕರದ ದೇವಿ ಮುಂಜಾನೆ ಕೊಲ್ಲೂರಿನ ಮೂಕಾಂಬಿಕೆಯೇ ಎಂಬ ನಂಬಿಕೆಯಿದೆ; ರಾತ್ರಿ ಕೆಳಗಿನ ಕಾವಿನ ಭದ್ರಕಾಳಿಗೆ ಅರಸಿನ ಸುಣ್ಣ ಕದಡಿದ ಕೆಂಪು ನೀರಿನ ಗುರುತಿ ಆಗುತ್ತದೆ. ನಮ್ಮ ಕುರ್ದಿ ನೀರು ಇದೇ. ರಕ್ತದ ಸ್ಥಾನದಲ್ಲಿರುವುದು ಈ ನೀರೇ; ಪ್ರಾಣಿಬಲಿಯನ್ನು ಕೇರಳ 1968ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೈವಗಳಿಗೆ ಕಷ್ಟಕಾಲ ಬಂತು. ಲಂಡನ್ ಮಿಷನ್ನಿನ ಸ್ಯಾಮ್ಯುಯೆಲ್ ಮೇಟೀರ್ ತನ್ನ 1871ರ ಮತ್ತು 1883ರ ಪುಸ್ತಕಗಳಲ್ಲಿ ಇವುಗಳ ಆರಾಧನೆಯನ್ನು ಪಿಶಾಚಿಪೂಜೆಯೆಂದೇ ವರ್ಣಿಸಿದ. ಅದು ಹೊರಗಿನವರ ಮಾತು. ಒಳಗಿನವರ ವಿರೋಧಕ್ಕೆ ಬೇರೆಯೇ ತೂಕವಿತ್ತು. ತೆಂಕಣ ತಿರುವಾಂಕೂರಿನ ಅಯ್ಯಾ ವೈಕುಂಠರ್ ಮಾಡನ್ ಮೊದಲಾದವುಗಳ ಪೂಜೆ ಬಿಡಿಸಿದರು. ಅವರನ್ನು ತಿರುವನಂತಪುರದ ಶಿಂಗಾರತೋಪಿನಲ್ಲಿ ಸೆರೆಯಿಟ್ಟದ್ದು ಮಾತ್ರ ದೊರೆಯ ಆಡಳಿತ. 1888ರಲ್ಲಿ ನೆಯ್ಯಾಟ್ಟಿಂಕರದ ಬಳಿಯ ಅರುವಿಪ್ಪುರದಲ್ಲಿ ನಾರಾಯಣ ಗುರುಗಳು ಹೊಳೆಯ ಕಲ್ಲನ್ನು ಶಿವನಾಗಿ ಪ್ರತಿಷ್ಠಾಪಿಸಿದರು. ಕಳ್ಳು, ಕೋಳಿ ಕೇಳುವ ದೈವಗಳನ್ನು ಅನೇಕ ಕಡೆ ತೆಗೆಸಿದರು. ದೊಡ್ಡ ದೇವಸ್ಥಾನದ ಬಾಗಿಲು ಮುಚ್ಚಿದ್ದರಿಂದಲೇ ಈಳವರಂಥ ಸಮುದಾಯಗಳಿಗೆ ಉಳಿದಿದ್ದವು ಈ ದೈವಗಳು; ಆ ದೈವಗಳನ್ನು ತೋರಿಸಿಯೇ ಅವರನ್ನು ಕೀಳೆಂದು ಕರೆಯಲಾಗುತ್ತಿತ್ತು. ಈ ಸುಳಿಯನ್ನು ಗುರುಗಳು ಕಡಿದರು. ತಿರುವಾಂಕೂರಿನಲ್ಲಿ ದೇವಸ್ಥಾನ ಪ್ರವೇಶದ ಘೋಷಣೆ ಹೊರಟದ್ದು 1936ರ ನವೆಂಬರ್ 12ರಂದು. ಆದರೂ ಎಲ್ಲ ಮಾಡನ್‌ಗಳೂ ಅಳಿಯಲಿಲ್ಲ. ಕೆಲವರು ‘ತಂಬುರಾನ್’ ಎಂಬ ಬಿರುದು ಹಚ್ಚಿಕೊಂಡು ಬಡ್ತಿ ಪಡೆದರು.

ಈ ಸುಧಾರಣೆಯ ಗಾಳಿಗೆ ಕಾಪ್ಪಿರಿ ಸಿಕ್ಕಲಿಲ್ಲ. ಯಾವ ಜಾತಿಯೂ ಅವನನ್ನು ತನ್ನವನೆಂದು ಹೇಳಿಕೊಳ್ಳದಿದ್ದುದೇ ಅದಕ್ಕೆ ಕಾರಣವಿರಬೇಕು: ತಿದ್ದಿಸಲು ಮನೆಯವರಿಲ್ಲ, ನಾಚಿಕೊಳ್ಳಲು ನೆಂಟರಿಲ್ಲ.

ಉಳಿದವರಿಗೆ ಸಿನಿಮಾ ಆಸರೆಯಾಯಿತು. 1984ರ ‘ಮೈ ಡಿಯರ್ ಕುಟ್ಟಿಚಾತ್ತನ್’ ಭಾರತದ ಮೊದಲ ತ್ರಿಡಿ ಚಿತ್ರ. ಮಾಟಗಾರನ ಹಿಡಿತದಿಂದ ಬಿಡುಗಡೆಯಾದ ಚಾತ್ತನ್ ಅದರಲ್ಲಿ ಮಕ್ಕಳ ಗೆಳೆಯ. 2024ರ ‘ಭ್ರಮಯುಗಂ’ ಚಾತ್ತನ್‌ನ ಭಯವನ್ನು ಮರಳಿ ತಂದಿತು. ನಾಗರಕೋವಿಲಿನ ಕಡೆಯ ಕಳ್ಳಿಯಂಕಾಟ್ಟು ನೀಲಿ 2025ರ ‘ಲೋಕಃ’ ಚಿತ್ರದಲ್ಲಿ ಮಹಾಶಕ್ತಿಯ ನಾಯಕಿಯಾಗಿ ಬೆಂಗಳೂರಿಗೇ ಬಂದಿಳಿದಳು. ಅವಳು ಯಾರಲ್ಲೂ ಸುಣ್ಣ ಕೇಳುವುದಿಲ್ಲ.