ಮೊಳಕೆಯ ರಾಗಿಯೂ ಧಾನ್ಯಮದ್ಯವೂ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕುರಿತ ಒಂದು ವಿಚಾರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯು ಬಹುಕಾಲದಿಂದ ಜನರ ಮುಖ್ಯ ಆಹಾರಧಾನ್ಯವಾಗಿದೆ. ಧಾನ್ಯದಿಂದ ಮದ್ಯವನ್ನು ತೆಗೆಯಲು ಬೇಕಾದ ಅರಿವು ಈ ಸೀಮೆಯ ಅಡಿಗೆಮನೆಯಲ್ಲಿ ಬಹುಮಟ್ಟಿಗೆ ಇದ್ದಿತು. ಆದರೂ ಇಲ್ಲಿಯ ಅಬಕಾರಿಯ ಚರಿತ್ರೆಯೆಂದರೆ ಮುಖ್ಯವಾಗಿ ಕಳ್ಳು ಸಾರಾಯಿಗಳ ಚರಿತ್ರೆಯೇ. ಇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾಗಿದೆ.

ಹೋಲಿಕೆಗಾಗಿ ಆಂಗ್ಲರ ಸ್ಟೌಟ್ ಎಂಬ ಕಡುಗಪ್ಪಾದ ಗಡಸು ಬಿಯರನ್ನು ತೆಗೆದುಕೊಳ್ಳಬಹುದು. ಬಾರ್ಲಿಯನ್ನು ಮೊಳೆಯಿಸಿ ಒಣಗಿಸುವರು. ಒಂದು ಭಾಗವನ್ನು ಕಪ್ಪಾಗುವಂತೆ ಹುರಿಯುವರು. ನುಚ್ಚುಮಾಡಿ ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿಟ್ಟು ಪಿಷ್ಟವನ್ನು ಸಕ್ಕರೆಯಾಗಿಸುವರು. ಸೋಸಿದ ರಸವನ್ನು ಹಾಪ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟಿನಿಂದ ಹುದುಗಿಸುವರು. ಮೊಳಕೆಧಾನ್ಯವನ್ನು ಸುಡದಂತೆ ಕಪ್ಪಾಗಿ ಹುರಿಯುವ ಉರುಳೆಗೆ ಡೇನಿಯಲ್ ವೀಲರನು 1817ರಲ್ಲಿ ಪೇಟೆಂಟು ಪಡೆದನು.

ಇವುಗಳಲ್ಲಿ ಮೊದಲೆರಡು ಕ್ರಿಯೆಗಳು ನಮ್ಮ ಹೆಂಗಸರಿಗೆ ಹೊಸವಲ್ಲ. ರಾಗಿಯನ್ನು ನೆನೆಹಾಕಿ, ಒದ್ದೆಬಟ್ಟೆಯಲ್ಲಿ ಗಂಟುಕಟ್ಟಿ, ಮೊಳಕೆಯೊಡೆದ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಜರಡಿಹಿಡಿದು ಕೂಸುಗಳಿಗೆ ಸರಿ ಕಾಯಿಸುವುದು ಮನೆಮನೆಯ ರೂಢಿ. ಅಂಬಲಿಯನ್ನು ಹುಳಿಬರಿಸುವುದೂ ತಿಳಿದ ವಿಷಯವೇ. ಆದರೆ ಅದು ಮುಖ್ಯವಾಗಿ ಆಮ್ಲದ ಹುದುಗು, ಮದ್ಯದ್ದಲ್ಲ. ಮೊಳಕೆಯ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಚೆನ್ನಾಗಿದೆಯೆಂಬುದು ವಿಜ್ಞಾನಸಮ್ಮತವಾಗಿದೆ. ಪೂರ್ವ ಆಫ್ರಿಕದಲ್ಲಿಯೂ ಪೂರ್ವ ಹಿಮಾಲಯದಲ್ಲಿಯೂ ಇದೇ ಧಾನ್ಯದಿಂದ ಮದ್ಯವನ್ನು ಮಾಡುವರು. ಬಾರ್ಲಿಯ ಹೊಟ್ಟು ಸೋಸುವುದಕ್ಕೆ ನೆರವಾಗುತ್ತದೆ; ರಾಗಿಗೆ ಅಂತಹ ಹೊಟ್ಟಿಲ್ಲ. ಸಿಕ್ಕಿಮಿನವರು ಹುದುಗಿದ ರಾಗಿಯ ಮೇಲೆ ಬಿಸಿನೀರು ಹೊಯ್ದು ಬಿದಿರಕೊಳವೆಯಿಂದ ಹೀರುವುದು ಈ ತೊಡಕಿಗೆ ತಕ್ಕ ಉಪಾಯವಾಗಿದೆ.

ಮೈಸೂರು ಸೀಮೆಯಲ್ಲಿ ಈಚಲುಮರವೂ ಬೆಲ್ಲವೂ ಸಿದ್ಧಸಕ್ಕರೆಯನ್ನೇ ಒದಗಿಸಿದವು. ಮೊಳೆಯಿಸುವ ಶ್ರಮ ಬೇಕಾಗಲಿಲ್ಲ. ಎರಡನೆಯ ಕಾರಣ ರಾಜಸ್ವ. ಕೌಟಿಲ್ಯನ ಅರ್ಥಶಾಸ್ತ್ರವು ಅಕ್ಕಿಯ ಮದ್ಯವಾದ ಮೇದಕದ ಪಾಕಪ್ರಮಾಣವನ್ನು ಹೇಳುವುದಲ್ಲದೆ, ಗೃಹಸ್ಥರು ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನು ಮಾಡಿಕೊಳ್ಳಬಹುದೆಂದು ಅನುಮತಿಸುತ್ತದೆ. ಮುಂದಿನ ಸರ್ಕಾರಗಳ ದೃಷ್ಟಿ ಬೇರೆಯಾಯಿತು. ಟಿಪ್ಪುಸುಲ್ತಾನನು 1787ರಲ್ಲಿ ಪೂರ್ಣ ಪಾನನಿಷೇಧವನ್ನು ಬಯಸಿ ಮೀರ್ ಸಾದಿಕನಿಗೆ ಬರೆದನು. ಅನಂತರದ ಆಡಳಿತಕ್ಕೆ ಅಬಕಾರಿಯು ವರಮಾನದ ಬಾಬಾಯಿತು. ಎಣಿಸಬಹುದಾದ ಮರ, ಹರಾಜಿಗಿಡಬಹುದಾದ ಅಂಗಡಿ, ಕಾವಲಿಡಬಹುದಾದ ಬಟ್ಟಿ ಇವು ಲೆಕ್ಕಕ್ಕೆ ದೊರಕುವಂಥವು. ಮನೆಯೊಳಗಿನ ಮಡಕೆ ದೊರಕದು. ಕರ್ನಾಟಕದ 1965ರ ಅಬಕಾರಿ ಕಾಯಿದೆಯೂ ಪರವಾನಗಿಯಿಲ್ಲದ ಮದ್ಯತಯಾರಿಕೆಯನ್ನು ನಿಷೇಧಿಸಿದೆ. 2007ರಲ್ಲಿ ಸಾರಾಯಿಯೂ ನಿಂತುಹೋಯಿತು.

ಆದುದರಿಂದ ಅಬಕಾರಿಯ ಕಾಗದಗಳಲ್ಲಿ ರಾಗಿಯ ಮದ್ಯದ ಹೆಸರು ಕಾಣದಿದ್ದರೆ, ಅಂತಹ ಮದ್ಯವೇ ಇರಲಿಲ್ಲವೆಂದು ತೀರ್ಮಾನಿಸಲಾಗದು. ಇದ್ದಿತೆಂದು ಕಲ್ಪಿಸುವುದೂ ಸಲ್ಲದು. ಕಂದಾಯದ ಕಣ್ಣು ತೆರಿಗೆಗೆ ಬೀಳುವುದನ್ನು ಮಾತ್ರ ಕಾಣುತ್ತದೆ. ಮೊಳಕೆಯ ಹದ, ಹುರಿಯುವ ಬಿಸಿ, ಹುಳಿಯ ಕಾಲ ಇವುಗಳನ್ನು ಬಲ್ಲವರು ಬರವಣಿಗೆಯಿಂದ ದೂರವುಳಿದ ವೃದ್ಧೆಯರು. ಅವರ ತಿಳಿವಳಿಕೆಯನ್ನು ನಮ್ಮ ವಿದ್ಯಾರ್ಥಿಗಳು ಹಳ್ಳಿಹಳ್ಳಿಗೆ ಹೋಗಿ ಬರೆದಿಟ್ಟುಕೊಳ್ಳದಿದ್ದರೆ, ಈ ಚರಿತ್ರೆಯ ಮುಖ್ಯವಾದ ಆಕರವು ಅವರೊಡನೆಯೇ ಕಣ್ಮರೆಯಾಗುವುದು.